ಎಷ್ಟು ಸಿಸಿ ಎಂದು ಕೇಳುವ ಮೊದಲು ಎದೆಯ ಅಗಲ ನೋಡಿ

ಸ್ತನದ ಗಾತ್ರ ಹೆಚ್ಚಿಸಿಕೊಳ್ಳುವ ಆಪರೇಷನ್ ಬಗ್ಗೆ ಯೋಚಿಸುವ ಹೆಣ್ಣುಮಕ್ಕಳ ತಲೆಯಲ್ಲಿ, ಡಾಕ್ಟರ ಹತ್ತಿರ ಹೋಗುವ ಮುಂಚೆಯೇ ಒಂದು ಅಂಕಿ ಬಂದು ಕೂತಿರುತ್ತದೆ. ಗೆಳತಿ 325 ಸಿಸಿ ಹಾಕಿಸಿಕೊಂಡಿದ್ದಾಳೆ, ಅವಳಿಗೆ ಚೆನ್ನಾಗಿ ಒಪ್ಪಿದೆ. ಇನ್‌ಸ್ಟಾಗ್ರಾಂನಲ್ಲಿ ನೋಡಿದ ಯಾರದ್ದೋ 400 ಅಂತೆ, ಅದು ಯಾಕೋ ಜಾಸ್ತಿ ಅನ್ನಿಸಿತು. ಹಾಗಾದರೆ ನನಗೆ 350 ಸಾಕು ಎಂದು ಒಳಗೊಳಗೇ ಚೌಕಾಸಿ ಮುಗಿದಿರುತ್ತದೆ. ಆದರೆ ಅಳತೆ ಬಲ್ಲ ಡಾಕ್ಟರು ಈ ಅಂಕಿಯನ್ನು ಕೊನೆಗೆ ಹೇಳುತ್ತಾರೆ. ಅದಕ್ಕೂ ಮೊದಲು ನಿಮ್ಮ ಎದೆಯ ಅಗಲ, ಚರ್ಮದ ಹಿಗ್ಗು, ಈಗಿರುವ ಸ್ತನದ ದಪ್ಪ ಇವನ್ನೆಲ್ಲ ನೋಡಬೇಕು. ದೇಹ ಒಂದು ಮಿತಿ ಹಾಕಿಕೊಡುತ್ತದೆ, ಆ ಮಿತಿಯೊಳಗೆ ಆಯ್ಕೆ ನಿಮ್ಮದು. ಈ ಕ್ರಮ ತಲೆಕೆಳಗಾದಾಗಲೇ ಹೆಚ್ಚಿನ ತೊಂದರೆಗಳು ಶುರುವಾಗುತ್ತವೆ.

ಸಿಸಿ ಎಂದರೆ ಇಂಪ್ಲಾಂಟ್, ಅಂದರೆ ಸ್ತನದೊಳಗೆ ಕೂರಿಸುವ ಜೆಲ್ ಚೀಲದ ಒಳಗೆ ಎಷ್ಟು ತುಂಬಿದೆ ಎಂಬ ಲೆಕ್ಕ. 1 ಸಿಸಿ ಎಂದರೆ 1 ಮಿಲಿಲೀಟರ್. ಸಿಲಿಕೋನ್ ಜೆಲ್ ನೀರಿಗಿಂತ ತುಸುವೇ ಹಗುರ, ಹಾಗಾಗಿ 300 ಸಿಸಿಯ ಒಂದು ಇಂಪ್ಲಾಂಟ್ ಸುಮಾರು 290 ಗ್ರಾಂ ತೂಗುತ್ತದೆ. ಎರಡೂ ಸೇರಿದರೆ ಅರ್ಧ ಕಿಲೋ ದಾಟುತ್ತದೆ. ಈ ತೂಕವನ್ನು ಹಗಲು ರಾತ್ರಿ, ವರ್ಷಾನುಗಟ್ಟಲೆ ಹೊರುವುದು ಚರ್ಮ ಮತ್ತು ಅದರಡಿಯ ತೆಳು ಪದರಗಳು. ಬ್ರಾ ಸ್ವಲ್ಪ ಹೊತ್ತು ನೆರವಾಗಬಹುದು, ಅಷ್ಟೇ.

ಆದರೆ 300 ಎಂಬ ಅಂಕಿ ಮಾತ್ರದಿಂದ ಆಕಾರ ಗೊತ್ತಾಗುವುದಿಲ್ಲ. ಒಬ್ಬಾಕೆಯ ಸ್ತನದ ಬುಡ 11 ಸೆಂಟಿಮೀಟರ್ ಅಗಲ, ಇನ್ನೊಬ್ಬಾಕೆಯದ್ದು 14 ಅಂದುಕೊಳ್ಳಿ. ಇಬ್ಬರಿಗೂ 300 ಸಿಸಿಯ ಒಂದೇ ಮಾದರಿಯ ಇಂಪ್ಲಾಂಟ್ ಹಾಕಿದರೆ, ಮೊದಲನೆಯವಳಿಗೆ ಅದು ಕಂಕುಳ ಕಡೆಗೆ ಒತ್ತಿಕೊಂಡು, ಎದೆಯ ಮೇಲ್ಭಾಗ ಉಬ್ಬಿ, ಹಾಕಿಸಿಕೊಂಡದ್ದು ಎಂದು ಯಾರಿಗಾದರೂ ಗೊತ್ತಾಗುವಂತೆ ಕಾಣುತ್ತದೆ. ಎರಡನೆಯವಳಿಗೆ ಏನೋ ಸ್ವಲ್ಪ ತುಂಬಿಕೊಂಡಂತಾಗುತ್ತದೆ, "ಇಷ್ಟಕ್ಕೆ ಇಷ್ಟು ದುಡ್ಡು ಕೊಟ್ಟೆನಾ" ಅನ್ನಿಸಬಹುದು. ಅಮೆರಿಕದ ಐದೂ ಮುಕ್ಕಾಲು ಅಡಿ ಎತ್ತರದ, ಅಗಲ ಭುಜದ ಹೆಂಗಸಿನ ಫೋಟೋ ನೋಡಿ, ಐದಡಿ ಎತ್ತರದ ನಮ್ಮ ಹುಡುಗಿ ಅದೇ ಅಂಕಿ ಕೇಳಿದರೆ ಆಗುವುದು ಇದೇ.

ಬ್ರಾ ಸೈಜಿನ ಗೊಂದಲ

"ಸಿಸಿ ಗಿಸಿ ಬೇಡ, ನನಗೆ ಸಿ ಕಪ್ ಆಗುವಂತೆ ಮಾಡಿಕೊಡಿ" ಎನ್ನುವವರೂ ಇದ್ದಾರೆ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಯಾವ ಪ್ರಾಮಾಣಿಕ ಸರ್ಜನ್ನೂ ಕಪ್‌ಗೆ ಗ್ಯಾರಂಟಿ ಕೊಡುವುದಿಲ್ಲ. ಕಪ್ ಅಕ್ಷರ ತನ್ನಷ್ಟಕ್ಕೆ ಒಂದು ಅಳತೆಯೇ ಅಲ್ಲ, ಅದು ಸುತ್ತಳತೆಗೆ ಅಂಟಿಕೊಂಡಿದೆ. 32ಸಿ, 34ಬಿ, 36ಎ ಈ ಮೂರರ ಕಪ್ಪಿನಲ್ಲೂ ಹಿಡಿಸುವುದು ಹೆಚ್ಚುಕಡಿಮೆ ಅಷ್ಟೇ. ಸಾಲದ್ದಕ್ಕೆ ಒಂದೊಂದು ಕಂಪನಿಯದ್ದು ಒಂದೊಂದು ಅಳತೆ. ಒಂದು ಅಂಗಡಿಯಲ್ಲಿ ಬಿ ಸರಿಹೋದವಳಿಗೆ ಪಕ್ಕದ ಮಾಲ್‌ನಲ್ಲಿ ಸಿ ಬೇಕಾಗುತ್ತದೆ. ಎಷ್ಟೋ ಜನ ಅಳತೆ ತೆಗೆಸದೆ ಹತ್ತು ವರ್ಷದಿಂದ ಅದೇ 34 ತೆಗೆದುಕೊಂಡು ಬರುತ್ತಿರುತ್ತಾರೆ, ಅದು ಬೇರೆ ಮಾತು. ಒಂದು ಕಪ್ ಏರಲು ಸುಮಾರು 150ರಿಂದ 200 ಸಿಸಿ ಬೇಕು ಎಂಬ ಲೆಕ್ಕ ಬಳಕೆಯಲ್ಲಿದೆ. ಅದನ್ನು ಅಂದಾಜಿಗೆ ಇಟ್ಟುಕೊಳ್ಳಬಹುದು, ಕರಾರಿಗೆ ಅಲ್ಲ. ಸಣ್ಣ ಮೈಕಟ್ಟಿನವರಲ್ಲಿ ಅದಕ್ಕಿಂತ ಕಡಿಮೆಗೇ ಒಂದು ಕಪ್ ಏರುತ್ತದೆ, ಅಗಲ ಎದೆಯವರಲ್ಲಿ ಏರುವುದಿಲ್ಲ.

ಡಾಕ್ಟರಿಗೆ ಕಪ್ ಅಕ್ಷರಕ್ಕಿಂತ ಉಪಯೋಗಕ್ಕೆ ಬರುವುದು ನಿಮ್ಮ ಮಾತು. "ಬ್ಲೌಸ್ ಹಾಕಿದಾಗ ತುಂಬಿಕೊಂಡಿರಬೇಕು, ಆದರೆ ಆಫೀಸಿನಲ್ಲಿ ಯಾರಿಗೂ ಗೊತ್ತಾಗಬಾರದು", "ಮಕ್ಕಳಾಗುವ ಮೊದಲು ಹೇಗಿತ್ತೋ ಹಾಗಾಗಲಿ", "ನೋಡಿದರೆ ಗೊತ್ತಾಗಲಿ, ನನಗೇನೂ ಮುಜುಗರವಿಲ್ಲ". ಇವು ಮೂರೂ ಬೇರೆ ಬೇರೆ ಇಂಪ್ಲಾಂಟ್ ಕಡೆಗೆ ಬೊಟ್ಟು ಮಾಡುತ್ತವೆ.

ಅಳತೆ ಬಂದದ್ದು ಹೇಗೆ

ಸಿಲಿಕೋನ್ ಜೆಲ್ ಇಂಪ್ಲಾಂಟ್ ಮೊದಲ ಸಲ ಒಬ್ಬ ಮಹಿಳೆಗೆ ಹಾಕಿದ್ದು 1962ರಲ್ಲಿ, ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ. ಆಕೆ ಟಿಮ್ಮಿ ಜೀನ್ ಲಿಂಡ್ಸೆ. ಸರ್ಜನ್‌ಗಳು ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಜೆರೋ. ಲಿಂಡ್ಸೆ ಆಸ್ಪತ್ರೆಗೆ ಹೋಗಿದ್ದು ಎದೆಯ ಮೇಲಿನ ಹಚ್ಚೆ ತೆಗೆಸಲು, ಗಾತ್ರ ಹೆಚ್ಚಿಸಿಕೊಳ್ಳಲಲ್ಲ. ಡಾಕ್ಟರುಗಳೇ ಹೊಸದೊಂದು ಪ್ರಯೋಗವಿದೆ, ಮಾಡಿಸಿಕೊಳ್ಳುತ್ತೀರಾ ಎಂದು ಕೇಳಿದ್ದರು. ಆಮೇಲಿನ ಹಲವು ದಶಕ ಗಾತ್ರದ ಆಯ್ಕೆ ಬಹುಮಟ್ಟಿಗೆ ಸರ್ಜನ್‌ನ ಕಣ್ಣಂದಾಜು ಮತ್ತು ರೋಗಿಯ ಆಸೆಯ ಮೇಲೆಯೇ ನಡೆಯಿತು.

ಇದನ್ನು ಅಳತೆಗೆ ತಂದವರಲ್ಲಿ ಮುಖ್ಯವಾದ ಹೆಸರು ಅದೇ ಟೆಕ್ಸಾಸಿನ ಡಲ್ಲಾಸ್‌ನ ಸರ್ಜನ್ ಜಾನ್ ಟೆಬೆಟ್ಸ್ ಅವರದ್ದು. ಅವರು ವಿಲಿಯಂ ಆಡಮ್ಸ್ ಜೊತೆ ಸೇರಿ 2005ರಲ್ಲಿ "ಹೈ ಫೈವ್" ಎಂಬ ಪದ್ಧತಿಯನ್ನು ಪ್ರಕಟಿಸಿದರು. ಐದು ಅಳತೆ, ಐದು ತೀರ್ಮಾನ, ಐದು ನಿಮಿಷ ಎಂಬುದು ಅದರ ಸಾರ. ಎಲ್ಲ ಸರ್ಜನ್ನರೂ ಇದನ್ನೇ ಅಕ್ಷರಶಃ ಅನುಸರಿಸುವುದಿಲ್ಲ, ಬೇರೆ ಪದ್ಧತಿಗಳೂ ಇವೆ. ಆದರೆ ದೇಹದ ಅಳತೆಯಿಂದ ಶುರುಮಾಡಿ ಸಿಸಿಗೆ ಬರುವ ಕ್ರಮ ಅರ್ಥವಾಗಲು ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ.

ಮೊದಲನೆಯದು ಸ್ತನದ ಬುಡದ ಅಗಲ. ಎದೆಮೂಳೆಯ ಪಕ್ಕದಲ್ಲಿ ಸ್ತನ ಶುರುವಾಗುವ ಜಾಗದಿಂದ ಕಂಕುಳ ಕಡೆ ಅದು ಮುಗಿಯುವ ಜಾಗದವರೆಗೆ, ಕ್ಯಾಲಿಪರ್ ಎಂಬ ಎರಡು ಕವಲಿನ ಅಳತೆ ಸಾಧನ ಹಿಡಿದು ನೇರವಾಗಿ ಅಳೆಯುತ್ತಾರೆ. ಟೇಪಿನಲ್ಲಿ ಅಳೆದರೆ ಉಬ್ಬಿನ ಮೇಲೆ ಹಾದು ಅಳತೆ ಜಾಸ್ತಿ ಬರುತ್ತದೆ, ಅದಕ್ಕೇ ಕ್ಯಾಲಿಪರ್. ಇಂಪ್ಲಾಂಟ್‌ನ ವ್ಯಾಸ ಈ ಅಗಲವನ್ನು ಮೀರಬಾರದು. ಎರಡೂ ಪಕ್ಕದಲ್ಲಿ ಅದನ್ನು ಮುಚ್ಚಲು ನಿಮ್ಮದೇ ಕೊಬ್ಬು, ಚರ್ಮ ಇರಬೇಕಲ್ಲ, ಹಾಗಾಗಿ ಸಾಮಾನ್ಯವಾಗಿ ಸ್ವಲ್ಪ ಕಡಿಮೆಯದ್ದನ್ನೇ ಆರಿಸುತ್ತಾರೆ.

ಮೀರಿದರೆ ಏನಾಗುತ್ತದೆ? ಹೊರಗಡೆಗೆ ಜರುಗಿದರೆ ಕೈ ಬೀಸಿ ನಡೆಯುವಾಗ ತೋಳಿಗೆ ತಗಲುತ್ತದೆ, ಮಲಗಿದಾಗ ಕಂಕುಳಿಗೆ ಜಾರುತ್ತದೆ. ಒಳಗಡೆಗೆ ಜಾಗ ಮಾಡಲು ಹೋದರೆ ಇನ್ನೂ ಕಷ್ಟ. ಎರಡು ಸ್ತನಗಳ ನಡುವಿನ ಅಂತರ ಕಡಿಮೆಯಾಗಲಿ ಎಂದು ಬಹಳ ಜನ ಕೇಳುತ್ತಾರೆ. ಆ ಅಂತರವನ್ನು ತೀರ್ಮಾನಿಸುವುದು ಎದೆಮೂಳೆ ಮತ್ತು ಅದಕ್ಕೆ ಅಂಟಿಕೊಂಡ ಸ್ನಾಯು. ಆ ಅಂಟನ್ನು ಬಿಡಿಸಿ ಒಳಗೆ ತಳ್ಳಿದರೆ, ನಡುವಿನ ಚರ್ಮ ಮೂಳೆಯಿಂದ ಎದ್ದು ಎರಡೂ ಕಡೆ ಒಂದೇ ಗುಡ್ಡೆಯಾದಂತೆ ಕಾಣುವ ಅಪಾಯವಿದೆ. ಅದನ್ನು ಮತ್ತೆ ಸರಿಪಡಿಸುವುದು ಮೊದಲ ಆಪರೇಷನ್‌ಗಿಂತ ಕಷ್ಟದ ಕೆಲಸ. ಅಂತರ ಅಗಲವಾಗಿದ್ದವರಿಗೆ ಅದು ಸ್ವಲ್ಪ ಅಗಲವಾಗಿಯೇ ಉಳಿಯುತ್ತದೆ. ಫೋಟೋಗಳಲ್ಲಿ ಕಾಣುವ ಆ ಆಳವಾದ ಗೆರೆ ಬಹುಪಾಲು ಬ್ರಾದ ಕೆಲಸ.

ಎರಡನೆಯದು ಚರ್ಮದ ಹಿಗ್ಗು. ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚನ್ನು ಬೆರಳಲ್ಲಿ ಹಿಡಿದು ಮುಂದಕ್ಕೆ ಎಳೆದು, ಎಷ್ಟು ಸೆಂಟಿಮೀಟರ್ ಬರುತ್ತದೆ ಎಂದು ನೋಡುತ್ತಾರೆ. 2 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ಬಿಗಿ ಚರ್ಮ, 3 ದಾಟಿದರೆ ಸಡಿಲ, 4 ದಾಟಿದರೆ ಇನ್ನೂ ಸಡಿಲ. ಹೆರಿಗೆಯಾಗಿ ಹಾಲೂಡಿಸಿದವರಲ್ಲಿ, ತುಂಬಾ ತೂಕ ಇಳಿಸಿದವರಲ್ಲಿ ಈ ಅಂಕಿ ದೊಡ್ಡದಿರುತ್ತದೆ. ಮೂರನೆಯದಾಗಿ, ಹೀಗೆ ಹಿಗ್ಗಿದ ಚರ್ಮದ ಚೀಲದಲ್ಲಿ ನಿಮ್ಮದೇ ಸ್ತನ ಎಷ್ಟು ಭಾಗ ತುಂಬಿದೆ ಎಂಬುದನ್ನು ಶೇಕಡಾವಾರು ಅಂದಾಜು ಮಾಡುತ್ತಾರೆ.

ಇಬ್ಬರನ್ನು ಊಹಿಸಿಕೊಂಡು ಈ ಪದ್ಧತಿಯ ಲೆಕ್ಕವನ್ನೇ ಹಾಕಿ ನೋಡೋಣ. ಇಬ್ಬರದ್ದೂ ಬುಡದ ಅಗಲ 12 ಸೆಂಟಿಮೀಟರ್. ಆ ಅಗಲಕ್ಕೆ ಪಟ್ಟಿಯಲ್ಲಿರುವ ಆರಂಭದ ಅಂಕಿ 300 ಸಿಸಿ. ಮೊದಲನೆಯವಳಿಗೆ 25 ವರ್ಷ, ಮದುವೆಯಾಗಿಲ್ಲ, ಚರ್ಮ ಎಳೆದರೆ 1.8 ಸೆಂಟಿಮೀಟರ್ ಬರುತ್ತದೆ. ಬಿಗಿ ಚರ್ಮಕ್ಕೆ 30 ಕಳೆಯಬೇಕು. ಚರ್ಮದ ಚೀಲ ಅರ್ಧದಷ್ಟು ತುಂಬಿದೆ, ಅದಕ್ಕೆ ಏನೂ ಸೇರಿಸುವುದೂ ಇಲ್ಲ ಕಳೆಯುವುದೂ ಇಲ್ಲ. ಉಳಿದದ್ದು 270. ಎರಡನೆಯವಳಿಗೆ 38, ಇಬ್ಬರು ಮಕ್ಕಳು, ಚರ್ಮ 4.2 ಸೆಂಟಿಮೀಟರ್ ಬರುತ್ತದೆ. ಅದಕ್ಕೆ 60 ಸೇರಿಸಬೇಕು. ಒಳಗಿನ ಅಂಗಾಂಶ ಕರಗಿ ಚೀಲದ ಶೇ. 20ಕ್ಕಿಂತ ಕಡಿಮೆ ಉಳಿದಿದೆ. ಅದಕ್ಕೆ ಇನ್ನೂ 30. ಒಟ್ಟು 390. ಒಂದೇ ಅಗಲದ ಎದೆ, 120 ಸಿಸಿ ವ್ಯತ್ಯಾಸ, ಮತ್ತು ಇಬ್ಬರಿಗೂ ಅವರವರದ್ದು ಸಹಜವಾಗಿಯೇ ಕಾಣುತ್ತದೆ. ಈಗ ಮೊದಲನೆಯವಳು "ಆಂಟಿಗೆ 390 ಹಾಕಿದ್ದೀರಿ, ಎಷ್ಟು ಚೆನ್ನಾಗಿದೆ, ನನಗೂ ಅಷ್ಟೇ ಹಾಕಿ" ಎಂದರೆ? ಒಳಗೆ ಕೂರಿಸುವುದೇನೋ ಸಾಧ್ಯ. ಆದರೆ ಅವಳ ಬಿಗಿ ಚರ್ಮ ಅದನ್ನು ಉರುಟು ಚೆಂಡಿನಂತೆ ಒತ್ತಿ ಹಿಡಿಯುತ್ತದೆ, ಕಾಲಕ್ರಮೇಣ ತಾನೂ ಸವೆಯುತ್ತದೆ. ಎರಡನೆಯವಳಿಗೆ 270 ಹಾಕಿದರೆ ಮೇಲ್ಭಾಗ ಖಾಲಿಯೇ ಉಳಿಯುತ್ತದೆ.

ನಾಲ್ಕನೆಯ ಅಳತೆ ತೊಟ್ಟಿನಿಂದ ಸ್ತನದ ಕೆಳಗಿನ ಮಡಿಕೆಯವರೆಗಿನ ದೂರ, ಚರ್ಮವನ್ನು ಪೂರ್ತಿ ಎಳೆದು ಹಿಡಿದಾಗ. 300 ಸಿಸಿ ಸರಿಯಾಗಿ ಕೂರಬೇಕಾದರೆ ಈ ದೂರ ಸುಮಾರು 8 ಸೆಂಟಿಮೀಟರ್ ಇರಬೇಕು ಎಂದು ಇದೇ ಪದ್ಧತಿ ಹೇಳುತ್ತದೆ. ದೂರ ಅದಕ್ಕಿಂತ ಕಡಿಮೆಯಿದ್ದರೆ ಸರ್ಜನ್ ಮಡಿಕೆಯನ್ನು ಸ್ವಲ್ಪ ಕೆಳಗಿಳಿಸುತ್ತಾರೆ. ಕೇಳಲು ಸಣ್ಣ ವಿಷಯ, ಆದರೆ ಮಡಿಕೆ ದೇಹದ ಸಹಜ ಆಸರೆ. ದೊಡ್ಡ ಇಂಪ್ಲಾಂಟ್‌ಗಾಗಿ ಅದನ್ನು ಜಾಸ್ತಿ ಇಳಿಸಿದಷ್ಟೂ, ಮುಂದೆ ಇಂಪ್ಲಾಂಟ್ ಕೆಳಗೆ ಜಾರಿ ತೊಟ್ಟು ಮೇಲ್ಮುಖವಾಗುವ ಸಂಭವ ಹೆಚ್ಚು. ಕೆಲವರಲ್ಲಿ ಹಳೆಯ ಮಡಿಕೆಯ ಗೆರೆ ಹಾಗೇ ಉಳಿದು ಒಂದರ ಕೆಳಗೊಂದು ಎರಡು ಉಬ್ಬು ಕಾಣುವುದೂ ಉಂಟು.

ಐದನೆಯದು ಚಿವುಟಿ ನೋಡುವುದು. ಸ್ತನದ ಮೇಲ್ಭಾಗದ ಚರ್ಮ ಮತ್ತು ಕೊಬ್ಬನ್ನು ಎರಡು ಬೆರಳ ನಡುವೆ ಹಿಡಿದು ದಪ್ಪ ಅಳೆಯುತ್ತಾರೆ. 2 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಇಂಪ್ಲಾಂಟನ್ನು ಎದೆಯ ಸ್ನಾಯುವಿನ ಅಡಿಯಲ್ಲಿ ಇಡುವುದು ಒಳ್ಳೆಯದು. ಇಲ್ಲದಿದ್ದರೆ ಮೇಲಿನ ಅಂಚು ಎದ್ದು ಕಾಣುತ್ತದೆ, ಬಗ್ಗಿದಾಗ ಚರ್ಮದಡಿ ಸುಕ್ಕು ಕೈಗೆ ಸಿಗುತ್ತದೆ. ಮೇಲಿನ ಅರ್ಧ ಸ್ನಾಯುವಿನಡಿ, ಕೆಳಗಿನ ಅರ್ಧ ಸ್ತನದ ಅಂಗಾಂಶದಡಿ ಇಡುವ ಡ್ಯುಯಲ್ ಪ್ಲೇನ್ ವಿಧಾನವನ್ನು 2001ರಲ್ಲಿ ವಿವರಿಸಿದ್ದೂ ಟೆಬೆಟ್ಸ್ ಅವರೇ. ಜಿಮ್‌ಗೆ ಹೋಗಿ ಭಾರ ಎತ್ತುವವರು ಇದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಸ್ನಾಯು ಬಿಗಿಹಿಡಿದಾಗ ಅದರಡಿಯ ಇಂಪ್ಲಾಂಟ್ ಅಲುಗುವುದು ಕೆಲವರಲ್ಲಿ ಕಾಣುತ್ತದೆ. ಸ್ನಾಯು ಮೇಲಿಂದ ಒತ್ತುವುದರಿಂದ ಅದೇ ಸಿಸಿ ತುಸು ಚಿಕ್ಕದಾಗಿ ಕಾಣುವುದೂ ಉಂಟು.

ತಟ್ಟೆ ಇಡ್ಲಿ, ಲೋಟ ಇಡ್ಲಿ

ಅಗಲ ತೀರ್ಮಾನವಾದ ಮೇಲೆ ಬರುವುದು ಪ್ರೊಫೈಲ್, ಅಂದರೆ ಇಂಪ್ಲಾಂಟ್ ಎಷ್ಟು ಮುಂದಕ್ಕೆ ಚಾಚುತ್ತದೆ ಎಂಬುದು. ಒಂದೇ ಅಳತೆಯ ಹಿಟ್ಟನ್ನು ತಟ್ಟೆಗೆ ಸುರಿದರೆ ಅಗಲವಾಗಿ ಹರಡುತ್ತದೆ, ಲೋಟಕ್ಕೆ ಸುರಿದರೆ ಎತ್ತರಕ್ಕೆ ಏರುತ್ತದೆ. ಇಂಪ್ಲಾಂಟ್‌ಗಳಲ್ಲೂ ಅಷ್ಟೇ. ಮಾಡರೇಟ್, ಮಾಡರೇಟ್ ಪ್ಲಸ್, ಹೈ ಎಂದು ಹೆಸರಿಟ್ಟು ಮಾರುತ್ತಾರೆ. 300 ಸಿಸಿಯ ಮಾಡರೇಟ್ ಇಂಪ್ಲಾಂಟ್ ಸುಮಾರು 12.5 ಸೆಂಟಿಮೀಟರ್ ಅಗಲವಿದ್ದರೆ, ಅದೇ 300ರ ಹೈ ಪ್ರೊಫೈಲ್ 11ರ ಆಸುಪಾಸು ಇರುತ್ತದೆ. ಕಡಿಮೆಯಾದ ಅಗಲವೆಲ್ಲ ಮುಂದಕ್ಕೆ ಚಾಚುತ್ತದೆ. ಕಂಪನಿಯಿಂದ ಕಂಪನಿಗೆ ಅಂಕಿ ಬದಲಾಗುತ್ತದೆ, ಹೆಸರುಗಳೂ ಬೇರೆ. ಒಂದು ಕಂಪನಿ ಹೈ ಎನ್ನುವುದನ್ನು ಇನ್ನೊಂದು ಬೇರೇನೋ ಕರೆಯಬಹುದು. ಹಾಗಾಗಿ ಹೆಸರನ್ನು ನೆಚ್ಚದೆ ವ್ಯಾಸ ಎಷ್ಟು, ಮುಂಚಾಚು ಎಷ್ಟು ಎಂದು ಸೆಂಟಿಮೀಟರ್‌ನಲ್ಲೇ ಕೇಳಿ.

ಸಣ್ಣ ಎದೆಯವರು ದೊಡ್ಡ ಗಾತ್ರ ಕೇಳಿದಾಗ ಹೈ ಪ್ರೊಫೈಲ್ ಸುಲಭದ ದಾರಿಯಾಗಿ ಕಾಣುತ್ತದೆ: ಅಗಲ ಮೀರುವುದಿಲ್ಲ, ಸಿಸಿಯೂ ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ಇದನ್ನು ಎರಡು ಸಲ ಯೋಚಿಸಿ ಒಪ್ಪಬೇಕು. ಚರ್ಮ ಸಡಿಲವಾಗಿ ಖಾಲಿಯಾದವರಿಗೆ ಅದು ತುಂಬಾ ಉಪಯೋಗ. ಬಿಗಿ ಚರ್ಮದವರಿಗೆ ಅದೇ ಒತ್ತಡ ಇಕ್ಕಟ್ಟಾದ ಒಂದು ಜಾಗದ ಮೇಲೆ ಬಿದ್ದು ಅಂಗಾಂಶ ತೆಳುವಾಗುತ್ತದೆ. ಹನಿಯಾಕಾರದ, ಅನಾಟಮಿಕಲ್ ಎನ್ನುವ ಇಂಪ್ಲಾಂಟ್‌ಗಳೂ ಇವೆ. ಅವು ಒಳಗೆ ತಿರುಗದಿರಲಿ ಎಂದು ಮೇಲ್ಮೈಯನ್ನು ಒರಟಾಗಿ ಮಾಡಿರುತ್ತಾರೆ. ಆ ಒರಟು ಮೇಲ್ಮೈಗೂ, ಬಿಐಎ-ಎಎಲ್‌ಸಿಎಲ್ ಎಂಬ ಅಪರೂಪದ ಲಿಂಫೋಮಾ ಕ್ಯಾನ್ಸರ್‌ಗೂ ನಂಟಿರುವುದು ಗೊತ್ತಾಗಿ, 2019ರ ಜುಲೈನಲ್ಲಿ ಅಲರ್ಗನ್ ಕಂಪನಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಕ ಸಂಸ್ಥೆ ಎಫ್‌ಡಿಎ ಕೋರಿಕೆಯಂತೆ ತನ್ನ ಒರಟು ಮೇಲ್ಮೈಯ ಬಯೋಸೆಲ್ ಮಾದರಿಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಿತು. ಗಾತ್ರದ ಮಾತುಕತೆಯಲ್ಲೇ ಮೇಲ್ಮೈ ನುಣುಪೋ ಒರಟೋ ಎಂಬುದನ್ನೂ ಕೇಳಿಬಿಡಿ.

ಮನೆಯಲ್ಲಿ ನೋಡಿಕೊಳ್ಳುವುದು

ದೇಹ ಹಾಕಿಕೊಟ್ಟ ಮಿತಿಯಲ್ಲಿ ನಿಮಗೆ ಯಾವುದು ಬೇಕು ಎಂಬುದನ್ನು ಕಣ್ಣಿಗೆ ಕಾಣುವಂತೆ ಮಾಡಿಕೊಳ್ಳಲು ಕೆಲವು ದಾರಿಗಳಿವೆ. ಕ್ಲಿನಿಕ್‌ನಲ್ಲಿ ಸೈಜರ್‌ಗಳು, ಅಂದರೆ ಬೇರೆ ಬೇರೆ ಗಾತ್ರದ ನಮೂನೆ ಇಂಪ್ಲಾಂಟ್‌ಗಳಿರುತ್ತವೆ, ಬ್ರಾ ಒಳಗೆ ಇಟ್ಟುಕೊಂಡು ಕನ್ನಡಿ ಮುಂದೆ ನಿಲ್ಲಬಹುದು. ಕೆಲವು ಕಡೆ ಕ್ಯಾಮೆರಾದಿಂದ ಮೈಯ ಚಿತ್ರ ತೆಗೆದು ಕಂಪ್ಯೂಟರ್ ಪರದೆಯಲ್ಲಿ ತ್ರೀಡಿಯಾಗಿ ತೋರಿಸುತ್ತಾರೆ. ನೋಡಲು ಚಂದ, ಆದರೆ ಚರ್ಮ ಹೇಗೆ ಹಿಗ್ಗುತ್ತದೆ, ಗಾಯ ಹೇಗೆ ಮಾಯುತ್ತದೆ ಎಂಬುದು ಕಂಪ್ಯೂಟರ್‌ಗೆ ಗೊತ್ತಿಲ್ಲ.

ಮನೆಯಲ್ಲಿ ಮಾಡುವ ಅಕ್ಕಿ ಪರೀಕ್ಷೆ ಹಳೆಯದು, ಈಗಲೂ ಕೆಲಸಕ್ಕೆ ಬರುತ್ತದೆ. ಮಿಲಿಲೀಟರ್ ಗುರುತಿರುವ ಅಳತೆ ಜಗ್‌ನಲ್ಲಿ 250 ಅಕ್ಕಿ ಅಳೆದು, ತೆಳು ಕಾಲುಚೀಲಕ್ಕೋ ಜಿಪ್ ಕವರಿಗೋ ಸುರಿದು, ಗಾಳಿ ಹೊರಡಿಸಿ ಗಂಟು ಹಾಕಿ. ಪ್ಯಾಡ್ ಇಲ್ಲದ, ಬಟ್ಟೆ ಹಿಗ್ಗುವ ಬ್ರಾ ಒಳಗೆ ಇಟ್ಟು ಒಂದು ದಿನ ಪೂರ್ತಿ ಹಾಗೇ ಇರಿ. ಮೆಟ್ಟಿಲು ಹತ್ತಿ, ಬಾಗಿ ರಂಗೋಲಿ ಹಾಕಿ, ಸ್ಕೂಟರ್ ಓಡಿಸಿ, ದಿನಾ ಹಾಕುವ ಕುರ್ತಾ ಹಾಕಿ ನೋಡಿ. ಮಾರನೆಯ ದಿನ 300 ಮಾಡಿ. ಅಕ್ಕಿಯ ಕಾಳುಗಳ ನಡುವೆ ಗಾಳಿ ಇರುವುದರಿಂದ 300 ಮಿಲಿಲೀಟರ್ ಅಕ್ಕಿ ಸುಮಾರು 250 ಗ್ರಾಂ ಅಷ್ಟೇ ತೂಗುತ್ತದೆ. ನಿಜವಾದ ಭಾರ ಗೊತ್ತಾಗಬೇಕಾದರೆ ಅಷ್ಟೇ ನೀರನ್ನು ಭದ್ರವಾದ ಜಿಪ್ ಕವರಿನಲ್ಲಿ ತುಂಬಿ ನೋಡುವುದು ವಾಸಿ. ಸೋರಿದರೆ ನನ್ನನ್ನು ಬೈಯಬೇಡಿ. ಅಕ್ಕಿಯಾಗಲಿ ನೀರಾಗಲಿ ಸ್ತನದ ಹೊರಗೆ ಕೂರುತ್ತದೆ, ಇಂಪ್ಲಾಂಟ್ ಒಳಗೆ ಕೂರುತ್ತದೆ, ಆದ್ದರಿಂದ ಆಕಾರ ಹೋಲುವುದಿಲ್ಲ. ಎಷ್ಟು ಜಾಸ್ತಿಯಾದರೆ ನಿಮಗೇ ಕಸಿವಿಸಿ ಆಗುತ್ತದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ಫೋಟೋ ತೆಗೆದುಕೊಂಡು ಹೋಗುವುದಾದರೆ ನಿಮ್ಮ ಮೈಕಟ್ಟಿನವರದ್ದೇ ಇರಲಿ: ಹೆಚ್ಚುಕಡಿಮೆ ಅದೇ ಎತ್ತರ, ಅದೇ ಭುಜ, ಮೊದಲೂ ಅಷ್ಟೇ ಇದ್ದ ಸ್ತನ. ಬೇಡವಾದದ್ದರ ಫೋಟೋ ತೋರಿಸಿದರೆ ಡಾಕ್ಟರಿಗೆ ಇನ್ನೂ ಬೇಗ ಅರ್ಥವಾಗುತ್ತದೆ. ಮತ್ತೆ, ಆಯ್ಕೆ ಗಂಡನದ್ದೋ ಬಾಯ್‌ಫ್ರೆಂಡ್‌ದೋ ಆಗಿದ್ದರೆ ಆಪರೇಷನ್ ಮುಂದೂಡಿ. ಹೊರುವವರು ನೀವು.

ಆಪರೇಷನ್ ಆಗಿ ಕೆಲವು ತಿಂಗಳಾದ ಮೇಲೆ "ಇನ್ನೂ ಸ್ವಲ್ಪ ದೊಡ್ಡದು ಹಾಕಿಸಬೇಕಿತ್ತು" ಎನ್ನುವವರು ತುಂಬಾ ಜನ. ಇಂಥ ಮಾತು ಕೇಳಿ, ಮೊದಲೇ 50 ಸಿಸಿ ಜಾಸ್ತಿ ಹಾಕಿಸಿಬಿಡೋಣ ಎಂದುಕೊಳ್ಳುವವರೂ ಇದ್ದಾರೆ. ಮೊದಲ ವಾರಗಳಲ್ಲಿ ಊತವಿರುತ್ತದೆ, ಇಂಪ್ಲಾಂಟ್ ಮೇಲಕ್ಕೆ ಕೂತಿರುತ್ತದೆ, ದೊಡ್ಡದಾಗಿ ಕಾಣುತ್ತದೆ. ಊತ ಇಳಿದು, ಸ್ನಾಯು ಸಡಿಲಗೊಂಡು, ಅದು ತನ್ನ ಜಾಗಕ್ಕೆ ಇಳಿಯಲು ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಅಷ್ಟರಲ್ಲಿ ಕಣ್ಣಿಗೂ ಅಭ್ಯಾಸವಾಗಿರುತ್ತದೆ. ಹಾಗೆ ನೋಡಿದರೆ 300ರ ಬದಲು 350 ಹಾಕಿಸಿಕೊಂಡವರಿಗೂ ಆರು ತಿಂಗಳಿಗೆ ಅದು ಮಾಮೂಲಿ ಅನ್ನಿಸುತ್ತದೆ. ಅಳತೆ ಕೊಟ್ಟ ಮಿತಿಯ ಒಳಗೆ ಮೇಲಿನ ತುದಿಯನ್ನು ಆರಿಸುವುದು ಬೇರೆ, ಮಿತಿ ದಾಟುವುದು ಬೇರೆ. ಅಂದಹಾಗೆ ಹೊಸ ಬ್ರಾ ರಾಶಿ ಹಾಕಿಕೊಳ್ಳುವುದು, ಬ್ಲೌಸ್ ಹೊಲಿಯಲು ಕೊಡುವುದು ಎಲ್ಲ ಆರು ತಿಂಗಳ ನಂತರ ಇಟ್ಟುಕೊಳ್ಳಿ.

ಗಾತ್ರದಿಂದ ಸರಿಹೋಗದ ವಿಷಯಗಳು

ಬಲ ಎಡ ಒಂದೇ ಸಮ ಇರುವವರು ಕಡಿಮೆ. ಒಂದು ಕಡೆ ಸ್ವಲ್ಪ ದೊಡ್ಡದು, ಒಂದು ತೊಟ್ಟು ಸ್ವಲ್ಪ ಕೆಳಗೆ, ಪಕ್ಕೆಲುಬು ಒಂದು ಕಡೆ ಉಬ್ಬು. ಆಪರೇಷನ್‌ಗೆ ಮೊದಲು ಗಮನಿಸದ ಈ ವ್ಯತ್ಯಾಸ ಆಮೇಲೆ ಎದ್ದು ಕಾಣುತ್ತದೆ. ಎರಡು ಕಡೆಗೆ ಬೇರೆ ಬೇರೆ ಸಿಸಿ ಹಾಕಿ ಗಾತ್ರವನ್ನು ಹತ್ತಿರ ತರಬಹುದು. ಪಕ್ಕೆಲುಬಿನ ಓರೆ, ತೊಟ್ಟಿನ ದಿಕ್ಕು ಇವು ಇಂಪ್ಲಾಂಟ್‌ನಿಂದ ಬದಲಾಗುವುದಿಲ್ಲ.

ಜೋತುಬಿದ್ದ ಸ್ತನದ ವಿಷಯದಲ್ಲಿ ಸ್ವಲ್ಪ ಹೆಚ್ಚು ಎಚ್ಚರ ಬೇಕು. ತೊಟ್ಟು ಕೆಳಗಿನ ಮಡಿಕೆಗಿಂತ ಮೇಲಿದ್ದರೆ ಇಂಪ್ಲಾಂಟ್ ಒಂದರಿಂದಲೇ ಕೆಲಸ ಆಗಬಹುದು. ತೊಟ್ಟು ಮಡಿಕೆಗಿಂತ ಕೆಳಗಿಳಿದಿದ್ದರೆ ಬೇಕಾದದ್ದು ಲಿಫ್ಟ್, ಅಂದರೆ ಹೆಚ್ಚಾದ ಚರ್ಮ ತೆಗೆದು ತೊಟ್ಟನ್ನು ಮೇಲೇರಿಸುವ ಆಪರೇಷನ್. ಅದರಲ್ಲಿ ಕಲೆ ಹೆಚ್ಚು ಉಳಿಯುತ್ತದೆ ಎಂಬ ಕಾರಣಕ್ಕೆ, ಲಿಫ್ಟ್ ಬೇಡ, ದೊಡ್ಡ ಇಂಪ್ಲಾಂಟ್ ಹಾಕಿ ತುಂಬಿಸಿಬಿಡಿ ಎನ್ನುವವರಿದ್ದಾರೆ. ಒಂದೆರಡು ವರ್ಷ ತುಂಬಿಕೊಂಡಂತೆ ಕಂಡೀತು. ಆಮೇಲೆ ಆ ಭಾರಕ್ಕೆ ಚರ್ಮ ಮತ್ತಷ್ಟು ಜೋತು, ಮೊದಲಿಗಿಂತ ದೊಡ್ಡ ಲಿಫ್ಟೇ ಬೇಕಾಗಬಹುದು. ಇನ್ನೂ ಮಕ್ಕಳಾಗಬೇಕಿರುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬಸಿರು, ಹಾಲೂಡಿಸುವುದು ಎರಡೂ ಚರ್ಮವನ್ನು ಮತ್ತೆ ಹಿಗ್ಗಿಸುತ್ತವೆ.

ಕ್ಯಾನ್ಸರ್‌ನಿಂದ ಸ್ತನ ತೆಗೆಸಿಕೊಂಡವರ ಲೆಕ್ಕವೇ ಬೇರೆ. ಅಲ್ಲಿ ಗುರಿ ಇನ್ನೊಂದು ಬದಿಯ ಸ್ತನ. ಅದರ ಅಗಲ, ಎತ್ತರ, ಮುಂಚಾಚು ನೋಡಿ ಇಂಪ್ಲಾಂಟ್ ಆರಿಸುತ್ತಾರೆ. ಚರ್ಮ ಸಾಲದಿದ್ದರೆ ಮೊದಲು ಎಕ್ಸ್‌ಪಾಂಡರ್ ಎಂಬ ಹಿಗ್ಗುವ ಚೀಲ ಇಟ್ಟು, ವಾರಗಳ ಅಂತರದಲ್ಲಿ ಸಲೈನ್ (ಉಪ್ಪುನೀರು) ತುಂಬುತ್ತ ಜಾಗ ಮಾಡಿಕೊಂಡು ಆಮೇಲೆ ಇಂಪ್ಲಾಂಟ್ ಹಾಕುತ್ತಾರೆ. ರೇಡಿಯೇಷನ್ ಆದ ಚರ್ಮ ಅಷ್ಟಾಗಿ ಹಿಗ್ಗುವುದಿಲ್ಲ, ಅಂಥವರಿಗೆ ಹೊಟ್ಟೆಯ ಅಥವಾ ಬೆನ್ನಿನ ಅಂಗಾಂಶ ಬಳಸುವುದೇ ಮೇಲಾಗಬಹುದು. ನಮ್ಮ ದೇಶದ ಆರೋಗ್ಯ ವಿಮೆಗಳು ಅಂದಕ್ಕಾಗಿ ಮಾಡಿಸುವ ಆಪರೇಷನ್‌ಗೆ ದುಡ್ಡು ಕೊಡುವುದಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಪುನರ್‌ರಚನೆ ಆ ನಿಷೇಧದಿಂದ ಹೊರಗಿದೆ. ಪಾಲಿಸಿ ತೆಗೆದು ಆ ಸಾಲನ್ನು ಓದಿ.

ಡಾಕ್ಟರ ಕೋಣೆಯಲ್ಲಿ

ಮೊದಲು ನೋಡಬೇಕಾದದ್ದು ಎದುರಿಗೆ ಕೂತವರ ಓದು. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಆಗಿರಬೇಕು. ಬೆಂಗಳೂರಿನಂಥ ಊರಲ್ಲಿ ಚರ್ಮ, ಕೂದಲು, ಕಾಸ್ಮೆಟಿಕ್ ಎಂದು ಬೋರ್ಡ್ ಹಾಕಿದ ಕ್ಲಿನಿಕ್‌ಗಳಿಗೆ ಬರವಿಲ್ಲ, ಅವುಗಳಲ್ಲಿ ಎಲ್ಲರೂ ಸರ್ಜನ್ ಅಲ್ಲ. ಅಳತೆ ತೆಗೆಯದೆ "ನಿಮಗೆ 350 ಸೂಪರ್ ಆಗಿರುತ್ತೆ" ಎಂದರೆ ಅಲ್ಲಿಂದ ಎದ್ದು ಬನ್ನಿ. ಅಳತೆ ತೆಗೆದವರ ಹತ್ತಿರ ನಿಮ್ಮ ಬುಡದ ಅಗಲ ಎಷ್ಟು ಬಂತು, ಯಾವ ಅಂಕಿಯಿಂದ ಯಾವ ಅಂಕಿಯವರೆಗೆ ಸುರಕ್ಷಿತ, ಸೂಚಿಸಿದ ಇಂಪ್ಲಾಂಟ್‌ನ ವ್ಯಾಸ ಎಷ್ಟು ಎಂದು ಕೇಳಿ ಬರೆದುಕೊಳ್ಳಿ. ಇನ್ನೊಬ್ಬ ಸರ್ಜನ್ ಹತ್ತಿರ ಹೋದಾಗ ಈ ಚೀಟಿ ಪಕ್ಕದಲ್ಲಿಟ್ಟು ಹೋಲಿಸಬಹುದು. ಇಬ್ಬರ ನಡುವೆ 25 ಸಿಸಿ ವ್ಯತ್ಯಾಸ ಬಂದರೆ ಚಿಂತೆಯಿಲ್ಲ, ಅಷ್ಟನ್ನು ಕಣ್ಣು ಗುರುತಿಸುವುದೂ ಕಷ್ಟ. 100 ಬಂದರೆ ಕಾರಣ ಕೇಳಬೇಕು. ಆಪರೇಷನ್ ಥಿಯೇಟರ್‌ನಲ್ಲಿ ಎರಡು ಮೂರು ಗಾತ್ರ ತಯಾರಿಟ್ಟುಕೊಂಡು, ಸೈಜರ್ ಒಳಗಿಟ್ಟು, ಟೇಬಲ್ಲನ್ನೇ ಎತ್ತಿ ಕೂರಿಸಿದಂತೆ ಮಾಡಿ ನೋಡುವ ಸರ್ಜನ್ನರೂ ಇದ್ದಾರೆ. ಹಾಗೆ ಮಾಡುವುದಾದರೆ ಕೊನೆಯ ತೀರ್ಮಾನ ಎಷ್ಟರೊಳಗೆ ಇರಬೇಕು ಎಂದು ಮೊದಲೇ ಮಾತಾಡಿಕೊಂಡಿರಿ.

ಇಂಪ್ಲಾಂಟ್ ಜೀವಮಾನವಿಡೀ ಬಾಳಿಕೆ ಬರುವ ವಸ್ತುವಲ್ಲ. ಅಮೆರಿಕದಲ್ಲಿ ಅಂದಕ್ಕಾಗಿ ಜೆಲ್ ಇಂಪ್ಲಾಂಟ್ ಹಾಕಿಸಲು ಕನಿಷ್ಠ 22 ವರ್ಷ ಆಗಿರಬೇಕು ಎಂಬ ಮಿತಿಯಿದೆ. ಕಂಪನಿಗಳು ಅಲ್ಲಿ ಸಲ್ಲಿಸಿದ ಹತ್ತು ವರ್ಷದ ಅಧ್ಯಯನಗಳಲ್ಲಿ, ಮೊದಲ ಸಲ ಹಾಕಿಸಿಕೊಂಡವರಲ್ಲಿ ಸುಮಾರು ನಾಲ್ಕರಲ್ಲೊಬ್ಬರಿಂದ ಮೂರರಲ್ಲೊಬ್ಬರಿಗೆ ಆ ಅವಧಿಯಲ್ಲಿ ಮತ್ತೊಂದು ಆಪರೇಷನ್ ಆಗಿತ್ತು. ಸುತ್ತಲಿನ ಪೊರೆ ಗಟ್ಟಿಯಾದದ್ದು, ಜಾಗ ತಪ್ಪಿದ್ದು, ಒಡೆದದ್ದು, ಗಾತ್ರ ಬದಲಿಸಬೇಕೆನಿಸಿದ್ದು ಹೀಗೆ ಕಾರಣ ಹಲವು. ಮತ್ತೊಂದು ಆಪರೇಷನ್‌ನ ಖರ್ಚನ್ನು ಯಾರು ಭರಿಸಬೇಕು ಎಂದು ಮೊದಲ ದಿನವೇ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಒಳಗೆ ಸದ್ದಿಲ್ಲದೆ ಒಡೆದಿದೆಯೇ ಎಂದು ನೋಡಲು, ಹಾಕಿಸಿಕೊಂಡ ಐದಾರು ವರ್ಷಕ್ಕೆ ಮೊದಲ ಎಂಆರ್‌ಐ ಅಥವಾ ಅಲ್ಟ್ರಾಸೌಂಡ್, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಮಾಡಿಸಬೇಕೆಂಬುದು ಎಫ್‌ಡಿಎ 2021ರಲ್ಲಿ ಕೊಟ್ಟ ಸಲಹೆ.

ಆಪರೇಷನ್ ಮುಗಿದು ಡಿಸ್ಚಾರ್ಜ್ ಆಗುವಾಗ ಇಂಪ್ಲಾಂಟ್ ಕಾರ್ಡ್ ಕೇಳಿ ಪಡೆಯಿರಿ. ಕಂಪನಿ, ಮಾದರಿ, ಮೇಲ್ಮೈ, ಎರಡೂ ಬದಿಯ ಸಿಸಿ, ಸೀರಿಯಲ್ ನಂಬರ್ ಅದರಲ್ಲಿರುತ್ತವೆ. ಮುಂದೆ ಯಾವ ಊರಲ್ಲಿ ಯಾವ ಸರ್ಜನ್ ನೋಡಿದರೂ ಗಾತ್ರ ಬದಲಿಸುವ ಮೊದಲು ಕೇಳುವುದು ಅದನ್ನೇ, ಕಂಪನಿ ಒಂದು ಮಾದರಿಯನ್ನು ಹಿಂದಕ್ಕೆ ಪಡೆದರೆ ನಿಮ್ಮದು ಅದರಲ್ಲಿದೆಯೇ ಎಂದು ಗೊತ್ತಾಗುವುದೂ ಅದರಿಂದಲೇ. ಪಾಸ್‌ಪೋರ್ಟ್ ಇಡುವ ಕಡೆ ಇಟ್ಟು, ಫೋನ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮ್ಯಾಮೋಗ್ರಾಂಗೆ ಹೋದಾಗ ಟೆಕ್ನಿಷಿಯನ್‌ಗೆ ಮೊದಲೇ ಹೇಳಿ. ಇಂಪ್ಲಾಂಟನ್ನು ಹಿಂದಕ್ಕೆ ಸರಿಸಿ, ಸ್ತನವನ್ನು ಮುಂದಕ್ಕೆ ಎಳೆದು ತೆಗೆಯುವ ಹೆಚ್ಚಿನ ಚಿತ್ರಗಳು ಬೇಕಾಗುತ್ತವೆ.